ಪೀಠದಲ್ಲಿ ಕೂತ ಅಕ್ಕ

ಸಭಾಧ್ಯಕ್ಷೆಯಾಗಿ ಆರಿಸಿ ಬಂದ ದಿನ ಇಬ್ಬರು ಸದಸ್ಯರು ಅವಳ ತೋಳು ಹಿಡಿದು ಪೀಠದವರೆಗೆ ಎಳೆದೊಯ್ದಿದ್ದರು. ಅದು ಆ ಸದನದ ವಾಡಿಕೆ. ಹಿಂದೆ ದೊರೆಗೆ ದುಡ್ಡು ಬೇಕಾದಾಗ ಮಾತ್ರ ಊರೂರಿನ ಹಿರಿಯರಿಗೆ ಕರೆ ಬರುತ್ತಿತ್ತು. ಕರೆದಾಗ ಬಂದರು, ಕೇಳಿದ್ದು ಕೊಟ್ಟರು; ಬರಬರುತ್ತಾ, ಮೊದಲು ನಮ್ಮ ಗೋಳು ಕೇಳಿ, ಆಮೇಲೆ ಕಂದಾಯದ ಮಾತು ಎಂದರು. ಆ ಗೋಳನ್ನು ದೊರೆಯ ಕಿವಿಗೆ ಹಾಕಲು ತಮ್ಮೊಳಗೊಬ್ಬನನ್ನು ಆರಿಸಿದರು. ದೊರೆಗೆ ಸಿಟ್ಟು ಬಂದರೆ ಮೊದಲು ಉರುಳುವುದು ಅವನ ತಲೆ. ಹಾಗಾಗಿ ಯಾರೂ ತಾವಾಗಿ ಆ ಪೀಠ ಏರುತ್ತಿರಲಿಲ್ಲ. ಈಗ ದೊರೆಯೂ ಇಲ್ಲ, ತಲೆಯ ಭಯವೂ ಇಲ್ಲ. ಎಳೆದಾಟ ಮಾತ್ರ ತಮಾಷೆಗೆ ಉಳಿದಿದೆ. ಅವಳೂ ಅಂದು ನಕ್ಕಿದ್ದಳು.

ಇಂದು ನಗು ಹತ್ತಿರ ಸುಳಿಯಲಿಲ್ಲ. ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡುವ ಕಾನೂನನ್ನು ರದ್ದು ಮಾಡುವ ಮಸೂದೆ ಸದನದ ಮುಂದಿತ್ತು. ಮಂತ್ರಿಯೊಬ್ಬರ ಒಂದು ರುಜುವಿನಿಂದ ಹಾಗೆ ಒಳಗೆ ಹೋದವರಲ್ಲಿ ಅವಳ ತಮ್ಮನೂ ಒಬ್ಬ. ಕಾರ್ಖಾನೆಯ ಬಾಗಿಲಲ್ಲಿ ನಿಂತು ಭಾಷಣ ಮಾಡಿದ್ದಷ್ಟೇ ಅವನ ತಪ್ಪು. ಮೇಲಿನ ಗ್ಯಾಲರಿಯಲ್ಲಿ ಅವನ ಹೆಂಡತಿ ಕಂಬಿಗೆ ಗಲ್ಲ ಊರಿ ಕೂತಿದ್ದಳು.

ಮತಗಳ ಎಣಿಕೆ ಮುಗಿಯಿತು. ಹಿರಿಯ ಕಾರ್ಯದರ್ಶಿ ಬಳಿ ಬಂದು, ಸಮ ಬಿದ್ದಿದೆ ಎಂದ. ಸಮ ಬಿದ್ದರೆ ಕೊನೆಯ ಮತ ಪೀಠದ್ದು. ಅದಕ್ಕೂ ಒಂದು ವಾಡಿಕೆ: ಪೀಠವು ಈಗಾಗಲೇ ಇರುವ ಕಾನೂನಿನ ಕಡೆಗೇ ನಿಲ್ಲಬೇಕು; ತನ್ನೊಂದು ಮತದಿಂದ ಅದನ್ನು ಬದಲಿಸಬಾರದು. ಒಬ್ಬರ ಬಾಯಿಮಾತೇ ಕಾನೂನಾಗುತ್ತಿದ್ದುದು ದೊರೆಯ ಕಾಲಕ್ಕೆ. ಅದರಿಂದ ಬಿಡಿಸಿಕೊಳ್ಳಲು ಎಷ್ಟೋ ತಲೆಮಾರು ಸವೆದಿದ್ದವು.

"ಮುರಿದರೆ?" ಎಂದಳು ಅವಳು, ತುಟಿ ಅಲ್ಲಾಡಿಸದೆ.

"ನಿಯಮದಲ್ಲಿ ಎಲ್ಲೂ ಬರೆದಿಲ್ಲ ತಾಯಿ. ಯಾರೂ ನಿಮ್ಮ ಕೈ ಹಿಡಿಯಲ್ಲ." ಮುದುಕ ಕನ್ನಡಕ ಸರಿಪಡಿಸಿಕೊಂಡ. "ನಾಳೆ ಈ ಕುರ್ಚಿಗೆ ಎಂಥವರು ಬರ್ತಾರೋ, ಅವರ ಕೈನೂ ಯಾರೂ ಹಿಡಿಯೋಕಾಗಲ್ಲ."

ಚಿಕ್ಕಂದಿನಲ್ಲಿ ಓಣಿಯ ಹುಡುಗರ ಜಗಳಕ್ಕೆಲ್ಲ ಅವಳದೇ ತೀರ್ಪು. ತಮ್ಮ ಮಾತ್ರ, ಅಕ್ಕ ನನ್ನ ಕಡೆ ಎಂದು ಮೊದಲೇ ಡಂಗುರ ಹೊಡೆದು, ಸೋತು, ಊಟ ಬಿಟ್ಟು ಮುನಿಸಿಕೊಳ್ಳುತ್ತಿದ್ದ. ಸಂಜೆಯೊಳಗೆ ಮುನಿಸು ಕರಗುತ್ತಿತ್ತು.

ಅವಳು ಗ್ಯಾಲರಿಯತ್ತ ಕಣ್ಣೆತ್ತಲಿಲ್ಲ. ಎತ್ತಿದ್ದರೆ ನಾಲಿಗೆ ಹೊರಳುತ್ತಿರಲಿಲ್ಲ.

"ಪೀಠದ ಮತ ಮಸೂದೆಗೆ ವಿರುದ್ಧ."

ಒಂದು ಕಡೆ ಮೇಜು ಕುಟ್ಟಿದ ಸದ್ದು. ಇನ್ನೊಂದು ಕಡೆಯಿಂದ, ಒಡಹುಟ್ಟಿದವನಿಗೇ ಆಗದವಳು ನಮಗೇನಾದಾಳು ಎಂದು ಯಾರೋ ಗೊಣಗಿದ್ದು ಅವಳ ಕಿವಿಗೆ ಬಿತ್ತು.

ಮೊಗಸಾಲೆಯಲ್ಲಿ ತಮ್ಮನ ಹೆಂಡತಿ ಕಾದು ನಿಂತಿದ್ದಳು. ಅತ್ತಿದ್ದರ ಗುರುತು ಮುಖದಲ್ಲಿರಲಿಲ್ಲ.

"ಒಂದು ಮಾತು ಸಾಕಿತ್ತಲ್ಲ ಅತ್ತಿಗೆ."

"ಒಬ್ಬರ ಮಾತಿಂದಲೇ ಅವನು ಒಳಗೆ ಹೋಗಿದ್ದು ಕಣೇ. ನಾನೂ ಅದನ್ನೇ ಮಾಡಿದ್ರೆ..."

"ಮನೆಗೆ ಬರ್ತಿದ್ರು. ನನಗೆ ಅಷ್ಟೇ ಗೊತ್ತು."

ಅವಳು ಕೈ ಚಾಚಿದಳು. ತಮ್ಮನ ಹೆಂಡತಿ ಆ ಕೈ ಹಿಡಿಯಲಿಲ್ಲ. ವಾರ ವಾರ ಸೆರೆಮನೆಗೆ ಒಯ್ಯುತ್ತಿದ್ದ ಚೀಲವನ್ನು, ಒಗೆದು ಮಡಿಸಿಟ್ಟ ಬಟ್ಟೆಗಳ ಸಮೇತ, ಆ ಕೈಯಲ್ಲಿಟ್ಟಳು.

"ಈ ಸಲ ನೀವೇ ಕೊಟ್ಟು ಬನ್ನಿ. ಯಾಕೆ ಅಂತ ಅವರಿಗೂ ನೀವೇ ಹೇಳಿ."

ಪೀಠದ ಕಪ್ಪು ನಿಲುವಂಗಿಯಲ್ಲೇ ಹೊರಡುವುದೋ, ಕಳಚಿಟ್ಟು ಹೊರಡುವುದೋ ತಿಳಿಯದೆ, ಸಭಾಧ್ಯಕ್ಷೆ ಚೀಲವನ್ನು ಎದೆಗವಚಿಕೊಂಡು ನಿಂತಳು.