ಗುರುಲಿಂಗಮ್ಮನ ಹೂಂ

ಹೊಲದ ಬದುವಿಗಾಗಿ ತಲೆ ಒಡೆದುಕೊಂಡವರನ್ನು ನಮ್ಮ ಕಡೆ ಎಷ್ಟು ಬೇಕಾದರೂ ನೋಡಬಹುದು. ಒಂದು ಶಬ್ದಕ್ಕಾಗಿ ಮೂರು ವರ್ಷ ಬಡಿದಾಡುವ ಚಪಲ ಮಾತ್ರ ದೊಡ್ಡ ದೇಶಗಳ ದೊಡ್ಡ ಮಂದಿಗೇ ಮೀಸಲು. ಆ ಮಂದಿಯ ನಡುವೆ ಯಲಬುರ್ಗಾದ ಲೈನ್‌ಮನ್ ಲಕ್ಷ್ಮಣಪ್ಪನ ಮಗಳು ರೇಣುಕಾದೇವಿ ಕೂತಿದ್ದಳು. ಕೂತಿದ್ದಳು ಎಂದರೆ ಮೂಲೆಯಲ್ಲಲ್ಲ, ಮುಖ್ಯಸ್ಥೆಯ ಕುರ್ಚಿಯಲ್ಲಿ.

ವಿಷಯ ಇಷ್ಟೇ. ಬ್ಯಾಟರಿಗೆ ಬೇಕಾದ ಲಿಥಿಯಂನಂಥ ಖನಿಜಗಳು ಕೆಲವೇ ದೇಶಗಳ ಮುಷ್ಟಿಯಲ್ಲಿವೆ. ಅವರು ಮುಷ್ಟಿ ಬಿಗಿ ಮಾಡಿದ ದಿನ ಉಳಿದವರ ಬಸ್ಸು ನಿಲ್ಲುತ್ತದೆ. ಗಾಳಿ ಇದ್ದಾಗ ಹುಟ್ಟಿದ ಕರೆಂಟನ್ನು ಗಾಳಿ ಇಲ್ಲದಾಗ ಬಳಸಲು ಕೂಡಿಡುವುದೂ ಆಗುವುದಿಲ್ಲ. ಅದಕ್ಕೇ ಹಲವು ದೇಶಗಳು ಸೇರಿ ಒಂದು ವೇದಿಕೆ ಕಟ್ಟಿಕೊಂಡು, ಎಲ್ಲಿ ಅಗೆಯಬೇಕು, ಹೇಗೆ ಅಗೆಯಬೇಕು, ಬಂದದ್ದನ್ನು ಹೇಗೆ ಹಂಚಿಕೊಳ್ಳಬೇಕು ಎಂದು ಒಪ್ಪಂದ ಬರೆಯುತ್ತಿದ್ದವು. ಬರೆಯುವ ತಂಡಕ್ಕೆ ರೇಣುಕಾದೇವಿಯೇ ಯಜಮಾನಿ. ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಗಂಗಾವತಿಯ ಕಾಲೇಜು ಸೇರಿದಾಕೆ ದಿಲ್ಲಿಯ ಸರ್ಕಾರಿ ನೌಕರಿ ಹಿಡಿದು, ಅಲ್ಲಿಂದ ಈ ವೇದಿಕೆಯವರೆಗೆ ಬಂದಿದ್ದಳು. ಕರೆಂಟಿಲ್ಲದ ಮನೆ ಹೇಗಿರುತ್ತದೆಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಊರಿಗೆಲ್ಲ ಕರೆಂಟು ಕೊಡುವ ಲೈನ್‌ಮನ್ನನ ಮನೆಯಲ್ಲೇ ಕಂದೀಲು ಉರಿಯುತ್ತಿತ್ತು. ಆದ್ದರಿಂದ ಖನಿಜ ಅಗೆಯಲೇಬೇಕು ಎಂದು ಅವಳು ನಂಬಿದ್ದು ಬಾಯಿಮಾತಿಗಲ್ಲ.

ಜಗಳ ಇದ್ದದ್ದು ಒಂದೇ ಸಾಲಿನಲ್ಲಿ. ‘ಊರವರ ಒಪ್ಪಿಗೆ ಪಡೆದೇ ಅಗೆಯಬೇಕು’ ಎಂದು ರೇಣುಕಾದೇವಿ ಬರೆದಿದ್ದಳು. ಎದುರಿನವರು ‘ಒಪ್ಪಿಗೆ’ ತೆಗೆದು ‘ಸಮಾಲೋಚನೆ’ ಹಾಕಿ ಎನ್ನುತ್ತಿದ್ದರು. ಸಮಾಲೋಚನೆ ಎಂದರೇನು? ಕರೆದು, ಕೂಡಿಸಿ, ಚಹಾ ಕುಡಿಸಿ, ಆಮೇಲೆ ನಮಗೆ ಬೇಕಾದದ್ದನ್ನೇ ಮಾಡುವುದು. ಇಂಥ ಕರಡುಗಳಲ್ಲಿ ಎಲ್ಲರೂ ಒಪ್ಪದ ಶಬ್ದವನ್ನು ಕಂಸದೊಳಗೆ ಹಾಕಿಡುತ್ತಾರೆ. ಅವಳ ‘ಒಪ್ಪಿಗೆ’ ಮೂರು ವರ್ಷದಿಂದ ಆ ಎರಡು ಗೆರೆಗಳ ನಡುವೆ ಸಿಕ್ಕಿಬಿದ್ದಿತ್ತು.

ಎದುರು ಪಕ್ಷದ ಹಿರಿಯ ಮಾರ್ಟಿನ್. ಕೆಟ್ಟ ಮನುಷ್ಯನಲ್ಲ, ಹಟಮಾರಿ. ಒಪ್ಪಿಗೆ ಕೇಳುತ್ತ ಕೂತರೆ ಲೋಕದಲ್ಲಿ ಒಂದು ಗುದ್ದಲಿಯೂ ಮೇಲೇಳುವುದಿಲ್ಲ ಎಂಬುದು ಅವನ ವಾದ. ಕೇಳಿ ಪಡೆದ ಒಂದೇ ಒಂದು ಊರು ತೋರಿಸಿ, ಮರುದಿನವೇ ಕಂಸ ತೆಗೆಸುತ್ತೇನೆ ಎಂದು ಅವನು ಸಭೆಯಲ್ಲೇ ಸವಾಲು ಹಾಕಿದ. ಅದೇ ಹೊತ್ತಿಗೆ ತಳಕಲ್ ಆಚೆಯ ಗುಡ್ಡದಹಾಳದ ಗುಡ್ಡದಲ್ಲಿ ಲಿಥಿಯಂ ಇರುವ ಕಲ್ಲು ಸಿಕ್ಕಿತ್ತು. ಗುಡ್ಡದಹಾಳ ರೇಣುಕಾದೇವಿಯ ಸೋದರತ್ತೆ ಗುರುಲಿಂಗಮ್ಮನ ಊರು. ಗುಡ್ಡದ ಬುಡದಲ್ಲಿ ಅತ್ತೆಯದೇ ಹೊಲ. ನಮ್ಮ ಮಂದಿ ನನ್ನ ಮಾತು ತೆಗೆದುಹಾಕುತ್ತಾರೆಯೇ ಎಂಬ ಧೈರ್ಯ ಅವಳದು. ಸಾಣಾಪುರದ ಕೆರೆ ದಂಡೆಯ ಹೋಟೆಲಿನಲ್ಲಿ ಸಭೆ ಇಟ್ಟು, ಎಲ್ಲರನ್ನೂ ವ್ಯಾನಿನಲ್ಲಿ ಗುಡ್ಡದಹಾಳಕ್ಕೆ ಕರೆತಂದಳು.

ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ಊರು ಕೂಡಿತ್ತು. ದೂರದಲ್ಲಿ ಸಾಲಾಗಿ ನಿಂತ ಗಾಳಿ ಫ್ಯಾನುಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಅತಿಥಿಗಳ ಕಿವಿಗೆ ಯಂತ್ರ. ಅದರೊಳಗೆ ಊರವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಕೊಪ್ಪಳದ ಕಾಲೇಜಿನ ಮೇಷ್ಟ್ರು ಗವಿಸಿದ್ದೇಶ. ರೇಣುಕಾದೇವಿ ಎದ್ದು ನಿಂತು ಅಚ್ಚುಕಟ್ಟಾಗಿ ಶುರು ಮಾಡಿದಳು. ಗುಡ್ಡದಲ್ಲಿ ಏನಿದೆ, ಅದು ಯಾಕೆ ಬೇಕು, ಗುಡ್ಡವೂ ಬುಡದ ಹೊಲಗಳೂ ಹೋದರೆ ಬದಲಿಗೆ ಏನು ಸಿಗುತ್ತದೆ ಎಂದೆಲ್ಲ ಹೇಳುತ್ತ ಹೋದಳು. ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಂತೆ ಕೂತಿತ್ತು. ಹಿರಿಯ ಹುಚ್ಚೀರಪ್ಪ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದ. ಮೌನವೇ ಸಮ್ಮತಿ ಎಂದು ಯಾರು ಹೇಳಿದರೋ, ಅವರು ನಮ್ಮ ಕಡೆ ಹೆಣ್ಣು ಕೇಳಲು ಬಂದವರಲ್ಲ.

ಆಗ ಮುಂದಿನ ಸಾಲಿನಿಂದ ಒಂದು ದನಿ ಬಂತು. ‘ಹೂಂ.’

ಗುರುಲಿಂಗಮ್ಮ. ಸೆರಗು ತಲೆ ಮೇಲೆ ಹೊದ್ದು, ಮೊಣಕಾಲಿಗೆ ಕೈ ಕಟ್ಟಿ ಕೂತಿದ್ದಳು. ರೇಣುಕಾದೇವಿ ಇನ್ನೊಂದು ಮಾತು ಹೇಳಿದಳು. ಮತ್ತೆ ‘ಹೂಂ’. ಗವಿಸಿದ್ದೇಶ ಒಂದು ಗಳಿಗೆ ತಡವರಿಸಿ ರೇಣುಕಾದೇವಿಯ ಮುಖ ನೋಡಿದ. ಈ ಹೂಂ ಎಂಥದ್ದೆಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ನಮ್ಮಲ್ಲಿ ಯಾರಾದರೂ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು. ಇಲ್ಲದಿದ್ದರೆ ಕಥೆ ನಿಲ್ಲುತ್ತದೆ. ಅದಕ್ಕೆ ‘ಹೌದು’ ಎಂಬ ಅರ್ಥವೇನೂ ಇಲ್ಲ. ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದ ಎಂದಾಗ ಹೂಂ ಎಂದವಳು ರಾಕ್ಷಸನಿಗೆ ಒಪ್ಪಿಗೆ ಕೊಟ್ಟಂತಲ್ಲ. ಕರೆಂಟು ಹೋದ ಸಂಜೆಗಳಲ್ಲಿ ಈ ಅತ್ತೆಯೇ ಪುಟ್ಟ ರೇಣುಕಾಳನ್ನು ತೊಡೆ ಮೇಲೆ ಹಾಕಿಕೊಂಡು, ಹೂಂ ಅನ್ನು, ಇಲ್ಲಾಂದ್ರೆ ಮಲಗಿದಿ ಅಂತ ತಿಳೀತೀನಿ ಎಂದು ಗದರಿಸುತ್ತ ಕಥೆ ಹೇಳಿದವಳು.

ಗವಿಸಿದ್ದೇಶ ನೋಡುತ್ತಲೇ ಇದ್ದ. ರೇಣುಕಾದೇವಿ ಕಣ್ಣು ಕೆಳಗೆ ಹಾಕಿದಳು. ಅವನು ‘ಯೆಸ್’ ಎಂದ.

ಅಲ್ಲಿಂದ ಮುಂದೆ ತಡೆಯೇ ಇರಲಿಲ್ಲ. ಮಾತಿಗೊಂದು ಹೂಂ, ಹೂಂಗೊಂದು ಯೆಸ್. ಅತಿಥಿಗಳ ಮುಖ ಅರಳಿತು. ಮಾರ್ಟಿನ್ ತಲೆದೂಗಿ ತನ್ನ ಪಕ್ಕದವನಿಗೆ ಏನೋ ಪಿಸುಗುಟ್ಟಿದ. ರೇಣುಕಾದೇವಿಗೆ ತಪ್ಪಿದೆ ಎಂಬ ಅಳುಕೂ ಆಯಿತು, ಗೆದ್ದೆ ಎಂಬ ಖುಷಿಯೂ ಆಯಿತು. ಆ ಎರಡೂ ಒಟ್ಟಿಗೆ ಆದದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಸುಮ್ಮನಿದ್ದಳು. ಈ ಒಂದು ಸುಳ್ಳು ಹೌದಿನಿಂದ ಲೋಕದ ಸಾವಿರ ಊರುಗಳಿಗೆ ಇಲ್ಲ ಎನ್ನುವ ಹಕ್ಕು ಸಿಗುತ್ತದಲ್ಲ ಎಂದು ಲೆಕ್ಕ ಹಾಕಿದಳು. ಓದಿದವರ ಪಾಪಕ್ಕೆ ಯಾವಾಗಲೂ ಒಂದು ಲೆಕ್ಕ ಇರುತ್ತದೆ.

ವ್ಯಾನು ಅತಿಥಿಗಳನ್ನು ಸಾಣಾಪುರಕ್ಕೆ ಕರೆದೊಯ್ದಿತು. ರೇಣುಕಾದೇವಿ ಊಟಕ್ಕೆಂದು ಅತ್ತೆಯ ಮನೆಯಲ್ಲೇ ಉಳಿದಳು. ಗುರುಲಿಂಗಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟು ಎದುರಿಗೆ ಕೂತಳು. ಸೊಸೆಯ ಆರೋಗ್ಯ, ಎಮ್ಮೆಯ ಹಟ, ಈ ಸಲದ ಕಡಲೆ ಎಲ್ಲ ಮಾತಾಯಿತು. ಗುಡ್ಡದ ಮಾತು ಮಾತ್ರ ಇಲ್ಲ. ಕೊನೆಗೆ ರೇಣುಕಾದೇವಿಯೇ ಬಾಯಿ ಬಿಟ್ಟಳು.

“ಅತ್ತಿ, ಎಲ್ರೂ ಸುಮ್ನ ಕುಂತಿದ್ರು. ನೀ ಒಬ್ಬಾಕಿ ಯಾಕ ಹೂಂ ಅಂದಿ?”

“ಮತ್ತೇನು ಮಾಡ್ಲಿ? ಅಷ್ಟು ಪರದೇಶದ ಮಂದಿ ಮುಂದ ನನ್ನ ತಮ್ಮನ ಮಗಳು ಒಬ್ಬಾಕೀನ ಮಾತಾಡಾಕತ್ತಿದ್ಲು. ಒಬ್ರರ ಹೂಂ ಅನಬೇಕೋ ಬ್ಯಾಡೋ? ಹೂಂ ಅನ್ನೋರು ಇಲ್ಲಾಂದ್ರ ಹೇಳೋರ ಬಾಯಿ ಒಣಗ್ತೈತಿ.”

ಇಡೀ ಲೋಕದ ಮುಂದೆ ತಾನು ಮಾರಲು ಹೊರಟಿದ್ದು ಈ ಮುದುಕಿಯ ಪ್ರೀತಿಯನ್ನು ಎಂದು ರೇಣುಕಾದೇವಿಗೆ ಹೊಳೆದದ್ದು ಆಗಲೇ. ಆದರೂ ಮನಸ್ಸು ಕಳ್ಳ. ಇನ್ನೊಂದು ದಾರಿ ಇದ್ದರೆ ನೋಡೋಣ ಎಂದಿತು.

“ಹಂಗಾರ ನಿನ್ನ ಹೊಲ ಕೊಡ್ತಿಯೇನು?”

“ಯಾರು ಕೇಳ್ಯಾರ?”

“ನಾನೇ ಕೇಳಿದ್ನೆಲ್ಲ ಅತ್ತಿ, ಆಗ.”

“ನೀ ಎಲ್ಲಿ ಕೇಳಿದಿ? ನೀ ಹೇಳಿದಿ,” ಎಂದು ಗುರುಲಿಂಗಮ್ಮ ಇನ್ನೊಂದು ರೊಟ್ಟಿ ಹಾಕಿದಳು.

ಸಿಟ್ಟಿನ ಮಾತಲ್ಲ ಅದು, ರೊಟ್ಟಿ ಬೇಕೇ ಎಂದು ಕೇಳಿದಷ್ಟೇ ಸಹಜವಾಗಿ ಬಂದಿತ್ತು. ರೇಣುಕಾದೇವಿ ಎಲ್ಲವನ್ನೂ ಹೇಳಿಬಿಟ್ಟಳು: ಮೂರು ವರ್ಷದ ಜಗಳ, ಮಾರ್ಟಿನ್ನನ ಸವಾಲು, ಈ ಊರು ಇಲ್ಲ ಎಂದರೆ ತನ್ನ ಶಬ್ದ ಕಂಸದಲ್ಲೇ ಕೊಳೆಯುತ್ತದೆ ಎಂಬುದು. ಗುರುಲಿಂಗಮ್ಮನಿಗೆ ಕೊನೆಯ ಮಾತೊಂದೇ ಹಿಡಿಸಿತು. ಕಂಸನ ಸೆರೆಮನೆಯಲ್ಲೇನು ನಿನ್ನ ಶಬ್ದ ಇರೋದು ಎಂದು ನಕ್ಕಳು. ಇದ್ದರೆ ಇರಲಿ ಬಿಡು, ಕೃಷ್ಣ ಹುಟ್ಟಿದ್ದೂ ಅಲ್ಲೇ ಎಂದಳು.

ಮರುದಿನ ಬೆಳಿಗ್ಗೆ ಸಾಣಾಪುರದ ಹೋಟೆಲಿನಲ್ಲಿ ಎಲ್ಲರ ಮುಖದಲ್ಲೂ ಹಬ್ಬ. ಮಾರ್ಟಿನ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ಕಂಸ ತೆಗೆಯಲು ತನ್ನ ಅಭ್ಯಂತರವಿಲ್ಲ ಎಂದು ತಾನೇ ಮೊದಲು ಎದ್ದು ಹೇಳಿದ. ಇನ್ನು ಮುಖ್ಯಸ್ಥೆ ‘ಸರಿ’ ಎನ್ನುವುದೊಂದೇ ಬಾಕಿ. ಕಿಟಕಿಯಾಚೆ ಕೆರೆಯಲ್ಲಿ ಪ್ರವಾಸಿಗರ ಹರಿಗೋಲು ಗರಗರ ತಿರುಗುತ್ತಿತ್ತು. ರೇಣುಕಾದೇವಿ ಅದನ್ನೇ ನೋಡುತ್ತ ನಿಂತಳು. ಅವಳ ಪರಿಸ್ಥಿತಿ ಅತ್ತ ದರಿ, ಇತ್ತ ಪುಲಿ. ಸರಿ ಎಂದರೆ ಶಬ್ದ ಉಳಿಯುತ್ತದೆ, ಅದರ ಅರ್ಥ ಹೋಗುತ್ತದೆ. ಬೇಡ ಎಂದರೆ ಅರ್ಥ ಉಳಿಯುತ್ತದೆ, ಶಬ್ದ ಹೋಗುತ್ತದೆ.

ನಿನ್ನೆ ನೀವು ಕೇಳಿದ ಹೌದು ಹೌದಲ್ಲ ಎಂದು ಅವಳು ಶುರು ಮಾಡಿದಳು. ಹೂಂಗುಟ್ಟುವುದು ಎಂದರೇನು, ತನ್ನ ಅತ್ತೆ ಯಾಕೆ ಹೂಂ ಅಂದಳು, ಅದು ಗೊತ್ತಿದ್ದೂ ತಾನು ಯಾಕೆ ಸುಮ್ಮನಿದ್ದೆ, ಎಲ್ಲ ಹೇಳಿದಳು. ದೋಷ ಗವಿಸಿದ್ದೇಶನದಲ್ಲ, ತನ್ನದು ಎಂದಳು. ಸಭೆ ಬಿಸಿನೀರು ಬಿದ್ದ ಇರುವೆ ಗೂಡಿನಂತಾಯಿತು. ಇಂಥವಳು ಮುಖ್ಯಸ್ಥೆಯಾಗಿ ಮುಂದುವರಿಯಬಹುದೇ ಎಂದು ಒಬ್ಬರು ಕೇಳಿಯೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಮಾರ್ಟಿನ್ ಮಾತ್ರ ಕನ್ನಡಕ ಒರೆಸಿಕೊಂಡು, ಹಾಗಾದರೆ ಆ ಊರಿನ ನಿಜವಾದ ಉತ್ತರವೇನು ಎಂದ.

“ಗೊತ್ತಿಲ್ಲ,” ಎಂದಳು ರೇಣುಕಾದೇವಿ. “ನಾವಿನ್ನೂ ಕೇಳಿಲ್ಲ.”

ಆ ಮಧ್ಯಾಹ್ನ ಮತ್ತೆ ಬೇವಿನ ಮರ. ಈ ಸಲ ನಿಂತು ಭಾಷಣ ಇಲ್ಲ, ಕಿವಿಯ ಯಂತ್ರ ಇಲ್ಲ. ಬಂದವರು ರೇಣುಕಾದೇವಿ, ಗವಿಸಿದ್ದೇಶ, ಮಾರ್ಟಿನ್ ಮೂವರೇ. ಅವಳು ಕಂಬಳಿ ಮೇಲೆ ಕೂತು, ನಿನ್ನೆ ಹೇಳಿದ್ದು ಹೇಳಿದ್ದಾಯಿತು, ಇವತ್ತು ಕೇಳಲು ಬಂದಿದ್ದೇನೆ, ಯಾರೂ ನನ್ನ ಮೇಲಿನ ಮರುಕಕ್ಕೆ ಹೂಂ ಅನ್ನಬೇಡಿ ಎಂದಳು. ಮೊದಲು ಯಾರೂ ನಂಬಲಿಲ್ಲ. ಸರ್ಕಾರದ ಕಡೆಯವರು ಕೇಳುತ್ತೇವೆ ಎಂದರೆ ನಂಬುವಷ್ಟು ಮುಗ್ಧ ಊರಲ್ಲ ಅದು. ಆಮೇಲೆ ಊರ ಕೆರೆ ಕೆಳಗೆ ಹೊಲ ಇದ್ದ ದಾದೇಸಾಬ ಮೆಲ್ಲಗೆ ಬಾಯಿ ತೆರೆದ.

“ಆ ಕಲ್ಲು ತೊಳಿಯಾಕ ನೀರು ಬೇಕಲ್ರಿ, ಅದು ಎಲ್ಲಿಂದು? ತೊಳೆದ ನೀರು ಎಲ್ಲಿಗೆ ಹೋಕ್ಕೈತಿ?”

ರೇಣುಕಾದೇವಿಯ ಹತ್ತಿರ ಸಿಹಿಯಾದ ಉತ್ತರಗಳು ಬೇಕಾದಷ್ಟಿದ್ದವು. ನೀರು ಬೇಕಾಗುತ್ತದೆ, ನಿಮ್ಮ ಕೆರೆಗೆ ಏನಾಗುತ್ತದೆಂದು ಇನ್ನೂ ಯಾರೂ ಪೂರ್ತಿ ಅಳೆದಿಲ್ಲ ಎಂದು ಇದ್ದದ್ದನ್ನೇ ಹೇಳಿದಳು. ಆಗ ಮಾತಿನ ಕಟ್ಟೆ ಒಡೆಯಿತು. ದನ ಎಲ್ಲಿ ಮೇಯಬೇಕು, ನೌಕರಿ ಎಂದರೆ ಯಾರಿಗೆ, ಎಷ್ಟು ವರ್ಷ, ಕಲ್ಲು ಮುಗಿದ ಮೇಲೆ ಆ ತಗ್ಗು ಏನಾಗಬೇಕು ಎಂದು ಹೆಂಗಸರೂ ಗಂಡಸರೂ ಮೇಲಿಂದ ಮೇಲೆ ಕೇಳಿದರು. ಗೊತ್ತಿದ್ದಕ್ಕೆ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಹೇಳಿ ಹೇಳಿ ಗಂಟಲು ಆರಿತು. ಮುಂದಿನ ಸಾಲಿನಲ್ಲಿ ಅದೇ ಜಾಗದಲ್ಲಿ ಕೂತಿದ್ದ ಗುರುಲಿಂಗಮ್ಮನಿಂದ ಮಾತ್ರ ಒಂದು ಹೂಂ ಕೂಡ ಬರಲಿಲ್ಲ. ನಿನ್ನೆ ಆ ದನಿ ಚುಚ್ಚಿತ್ತು. ಇವತ್ತು ಅದು ಬಾರದ್ದು ಇನ್ನೂ ಚುಚ್ಚಿತು.

ಕೇಳುವುದೆಲ್ಲ ಮುಗಿದ ಮೇಲೆ ಅವಳು ಅತ್ತೆಯ ಕಡೆ ತಿರುಗಿದಳು.

“ಅತ್ತಿ, ಈಗ ಕೇಳ್ತೀನಿ. ಗುಡ್ಡದ ಬುಡದ ಹೊಲ ಕೊಡ್ತೀರೇನು, ನೀವೆಲ್ಲಾರೂ?”

ಯಾರೂ ಉಸಿರೆತ್ತಲಿಲ್ಲ. ಆ ಮೌನವನ್ನು ತುಂಬಿಸಲು ಅವಳ ನಾಲಿಗೆ ತುರಿಸುತ್ತಿತ್ತು. ಇಷ್ಟು ವರ್ಷದ ಅವಳ ಕೆಲಸವೇ ಮೌನ ತುಂಬಿಸುವುದು. ಹಲ್ಲು ಕಚ್ಚಿ ಕೂತಳು. ಗುರುಲಿಂಗಮ್ಮ ಹಿಂದೆ ತಿರುಗಿ ಹುಚ್ಚೀರಪ್ಪನನ್ನು ನೋಡಿದಳು, ದಾದೇಸಾಬನನ್ನು ನೋಡಿದಳು, ಹೆಂಗಸರ ಸಾಲನ್ನು ನೋಡಿದಳು. ಮತ್ತೆ ತಮ್ಮನ ಮಗಳ ಮುಖ ನೋಡಿ ತಲೆ ಆಡಿಸಿದಳು.

“ಊಂಹೂಂ.”

ಗುಡ್ಡದ ಮಾತು ಬೇರೆ, ನೀರಿನ ವಿಷಯ ಅಳೆದು ತಿಳಿದುಕೊಂಡು ಬಂದು ಇನ್ನೊಮ್ಮೆ ಕೇಳಿದರೆ ಅದನ್ನು ನೋಡಬಹುದು ಎಂದು ಹುಚ್ಚೀರಪ್ಪ ಸೇರಿಸಿದ. ಬುಡದ ಹೊಲ ಮಾತ್ರ ಇಲ್ಲ ಎಂದ.

ಗವಿಸಿದ್ದೇಶ ನಿನ್ನೆಯ ಹಾಗೆಯೇ ರೇಣುಕಾದೇವಿಯ ಮುಖ ನೋಡಿದ. ಅವಳು ಈ ಸಲ ಕಣ್ಣು ಕೆಳಗೆ ಹಾಕಲಿಲ್ಲ.

“ಅಂದದ್ದನ್ನ ಅಂದಂಗ ಹೇಳ್ರಿ,” ಎಂದಳು.

ಅವನು ಹೇಳಿದ. ಮಾರ್ಟಿನ್ ಕೇಳಿಸಿಕೊಂಡ. ತಾನು ಹೇಳಿದ್ದೇ ನಿಜವಾಯಿತಲ್ಲ ಎಂದು ಅವನು ಹಿಗ್ಗಬಹುದಿತ್ತು, ಹಿಗ್ಗಲಿಲ್ಲ. ಕಂಸ ಹಾಗೇ ಇರಲಿ, ಮುಂದಿನ ಸಭೆಯಲ್ಲಿ ಮತ್ತೆ ಜಗಳ ಆಡೋಣ, ಆ ಕುರ್ಚಿಯಲ್ಲಿ ಆಗ ನೀವೇ ಇದ್ದರೆ, ಎಂದಷ್ಟೇ ಹೇಳಿ ವ್ಯಾನಿನ ಕಡೆ ನಡೆದ. ಮೂರು ವರ್ಷದ ದುಡಿಮೆ ಬೇವಿನ ಮರದ ಕೆಳಗೆ ನಿಂತುಹೋಯಿತು.

ಊರು ಎದ್ದು ಚದುರುತ್ತಿತ್ತು. ಗುರುಲಿಂಗಮ್ಮ ಮೊಣಕಾಲು ಹಿಡಿದುಕೊಂಡು ನಿಧಾನ ಎದ್ದು, ಶಾಲೆಯ ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡು ಬಂದಳು. ಸೆರಗಿನಿಂದ ತಂಬಿಗೆಯ ಕಂಠ ಒರೆಸಿ ತಮ್ಮನ ಮಗಳ ಕೈಗೆ ಕೊಟ್ಟಳು.

“ಕುಡಿ,” ಎಂದಳು. “ಇಷ್ಟೊತ್ತು ನಾ ಹೂಂ ಅನ್ನದ ಕುಂತಿದ್ದೆ. ನಿನ್ನ ಬಾಯಿ ಒಣಗಿರಬೇಕು.”