ಸೋಮವಾರಕ್ಕೆ ಹೊಲಿಸಿದ ಬೂಟು

ಬಾಯ್ಲರ್ ಸಿಡಿದಾಗ ನನ್ನ ಗಂಡನ ಮೈಯಲ್ಲಿ ಸುಡದೆ ಉಳಿದದ್ದು ಪಾದಗಳು ಮಾತ್ರ. ಬೂಟು ಕಾಪಾಡಿತ್ತು. ಆಸ್ಪತ್ರೆಯಲ್ಲಿ ಆ ಪಾದಗಳನ್ನೇ ಹಿಡಿದು ಕೂತಿದ್ದೆ.

ಎರಡನೆಯ ದಿನ ಮಾತಾಡಿದರು.

"ಸೂಪರ್‌ವೈಜರ್ ಸೇಫ್ಟಿ ವಾಲ್ವಿಗೆ ಹಬೆ ಹೊರಗೆ ಬಿಡದ ಹಾಗೆ ತಂತಿ ಸುತ್ತಿದ ಕಣೇ. ಬೇಡ ಸಾರ್ ಅಂದೆ. ಈ ಲಾಟು ಬಟ್ಟೆಗೆ ಬಣ್ಣ ಹಾಕೋದು ಮುಗೀಲಿ, ಆಮೇಲೆ ಬಿಚ್ಚೋಣ ಅಂದ."

ಸ್ವಲ್ಪ ಹೊತ್ತು ಬಿಟ್ಟು, "ಬೂಟಿನ ಅಟ್ಟೆ ಕಿತ್ತಿದೆ. ಸೋಮವಾರದೊಳಗೆ ಹೊಲಿಸಿಡು" ಎಂದರು.

"ಹೊಲಿಸ್ತೀನಿ. ನಿಮಗೇನೂ ಆಗಲ್ಲ" ಎಂದೆ. ಉಳಿಯುವುದಿಲ್ಲ ಎಂದು ಡಾಕ್ಟರು ಅಷ್ಟರಲ್ಲಿ ನನ್ನನ್ನು ಹೊರಗೆ ಕರೆದು ಹೇಳಿಯಾಗಿತ್ತು.

ಭಾನುವಾರ ಹೋದರು.

ತಂತಿ ಸುತ್ತಿದ್ದು ಅವರೇ ಎಂದು ಕಾರ್ಖಾನೆ ಬರೆದುಕೊಂಡಿತು. ತಂತಿ ಸುತ್ತುವಾಗ ಬಾಯ್ಲರ್ ಕೋಣೆಯಲ್ಲಿ ಇದ್ದವರು ಅವರು, ಸೂಪರ್‌ವೈಜರ್ ಇಬ್ಬರೇ. ನಾನು ಪರಿಹಾರಕ್ಕೆ ದಾವೆ ಹೂಡಿದೆ. ಮೂರು ವರ್ಷ ಅಲೆದೆ.

ಸಾಕ್ಷಿ ಹೇಳುವ ದಿನ ನಮ್ಮ ವಕೀಲಮ್ಮ ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದರು: "ಬೇರೆಯವರು ಹೇಳಿದ್ದನ್ನ ನೀವು ಹೇಳಿದ್ರೆ ಕೋರ್ಟ್ ತಗೊಳ್ಳಲ್ಲ. ಸಾಯ್ತೀನಿ ಅಂತ ಗೊತ್ತಿದ್ದು ಆಡಿದ ಮಾತಾದ್ರೆ ಮಾತ್ರ ಈ ಜಡ್ಜು ತಗೊಳ್ತಾರೆ. ಅವರಿಗೆ ಗೊತ್ತಿತ್ತು ಅನ್ನಿ. ಸಾಕು."

ಕಾರ್ಖಾನೆಯ ವಕೀಲರು ಮೆತ್ತಗೆ ಕೇಳಿದರು.

"ತಂತಿ ವಿಷಯ ಆದ್ಮೇಲೆ ಏನಂದ್ರಮ್ಮ?"

"ಸೋಮವಾರ ಕೆಲಸಕ್ಕೆ ಬೇಕು, ಬೂಟು ಹೊಲಿಸು ಅಂದರು."

"ಹೊಲಿಸಿದ್ರಾ?"

"ಹೊಲಿಸಿದೆ."

"ಸಾಯ್ತೀನಿ ಅಂತ ಅವರಿಗೆ ಗೊತ್ತಿತ್ತಾ?"

ಗೊತ್ತಾಗದಿರಲಿ ಎಂದೇ ಅಷ್ಟೂ ದಿನ ಅವರೆದುರು ನಕ್ಕಿದ್ದೆ.

"ಇಲ್ಲ."

ಅವರ ಮಾತು ದಾಖಲಾಗಲಿಲ್ಲ. ದಾವೆ ಬಿದ್ದುಹೋಯಿತು.

ಹೊರಗೆ ಸೀಟಿಯಣ್ಣ ಕಾದಿದ್ದರು. ಕೆಲಸದ ನಡುವೆ ಸೀಟಿ ಹೊಡೆಯುವ, ಬಾಯ್ಲರಿನ ಹಳೆಯ ಕೆಲಸಗಾರ. ನಡೆದದ್ದು ಹೇಳಿದೆ.

"ಸಾಯೋದು ಮೊದ್ಲೇ ಗೊತ್ತಿರ್ಬೇಕಾ ತಂಗಿ?"

"ಹೂಂ ಅಣ್ಣ."

"ನಮಗೆಲ್ಲ ದಿನಾ ಗೊತ್ತಲ್ಲ. ಹೊಸ ಬಾಯ್ಲರಿಗೂ ತಂತಿ ಬಿಗಿದವ್ರೆ. ಹೆಂಡ್ತಿಗೆ ಹೇಳಿಟ್ರೆ ಬೀದಿಗೆಲ್ಲ ಕೇಳಿಸ್ತಾಳೆ, ಕೋರ್ಟಿಗೆ ಮಾತ್ರ ಕೇಳಿಸಲ್ಲ. ನೀನು ಓದಿದೋಳು, ಬರ್ಕೊಡು."

ಸೋಮವಾರ ಬೆಳಗಿನ ಪಾಳಿಗೆ ಮುಂಚೆ ಗೇಟಿನ ಹತ್ತಿರ ಕೂತೆ. ಒಬ್ಬೊಬ್ಬರಿಗೂ ಒಂದೊಂದು ಹಾಳೆ.

'ಇವತ್ತು ನಾನು ಸಾಯಬಹುದು ಎಂದು ನನಗೆ ಗೊತ್ತಿದೆ. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ವಾಲ್ವಿಗೆ ತಂತಿ ಕಟ್ಟಿದವನು ಸೂಪರ್‌ವೈಜರ್.'

ಸೂಪರ್‌ವೈಜರ್ ಬಂದ. "ಏನ್ರೋ ಇದು?"

"ನಮ್ಮ ಕೊನೇ ಮಾತು ಸಾರ್," ಎಂದರು ಸೀಟಿಯಣ್ಣ. "ಒಂದು ಪ್ರತಿ ನೀವೂ ಇಟ್ಕೊಳಿ."

ಸೈರನ್ ಕೂಗಿತು. ಯಾರೂ ಒಳಗೆ ಹೋಗಲಿಲ್ಲ. ಇನ್ನೂ ಹದಿನಾಲ್ಕು ಜನರದ್ದು ಬರೆಯುವುದಿತ್ತು.