ಒಂದು ಹಿಡಿ ಕಡ್ಲೆಪುರಿ

ಆಯುಧಪೂಜೆಯ ದಿನ ನಮ್ಮ ರಸ್ತೆಯಲ್ಲಿ ಎಲ್ಲರೂ ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಕೈ ಮುಗಿಯುತ್ತಾರೆ. ನಾನೊಬ್ಬ ಮಾತ್ರ ಬಾನೆಟ್ ಎತ್ತಿ ಎಂಜಿನ್ ಮೇಲೆ ಒಂದು ಹಿಡಿ ಕಡ್ಲೆಪುರಿ, ಒಂದು ಚೂರು ಬೆಲ್ಲ ಇಡುತ್ತೇನೆ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಯಂತ್ರ ರಿಪೇರಿ ಮಾಡಿದವನು ನಾನು. ಅಲ್ಲಿ ಒಂದೊಂದು ಯಂತ್ರಕ್ಕೂ ಅದರ ಪಾಲು ಇಟ್ಟ ಮೇಲೆಯೇ ನಾವು ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು. ಹೆಂಡತಿ ಜಯದೇವಿ ಈ ಸಲವೂ ಇರುವೆ ಮುತ್ತುತ್ತೆ, ಬೇಡ ಅಂದಳು. ನಾನು ಕೇಳಲಿಲ್ಲ.

ಆಮೇಲೆ ಹದಿನೈದು ದಿನ ಕಾರು ಬಸವೇಶ್ವರನಗರದ ನಮ್ಮ ಮನೆಯ ಮುಂದೆ ನಿಂತಲ್ಲೇ ನಿಂತಿತ್ತು. ಅಂಗಡಿಗೆ, ಕ್ಲಿನಿಕ್ಕಿಗೆ ನಮಗೆ ಸ್ಕೂಟರೇ ಸಾಕು.

ಗುರುವಾರ ಬೆಳಿಗ್ಗೆ ಏಳೂವರೆಗೆ ಜಯದೇವಿಯ ತಮ್ಮ ಗಿರಿರಾಜ್ ತಿಪಟೂರಿನ ಆಚೆಯ ಊರಿನಿಂದ ಫೋನ್ ಮಾಡಿದ. ಅವ್ವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಎರಡು ಗಂಟೆಗೆ ಮಣ್ಣು ಮಾಡುವುದು ಅಂತ ಹಿರಿಯರು ಹೇಳಿದ್ದಾರೆ, ಅಷ್ಟರಲ್ಲಿ ಬಂದುಬಿಡಿ ಅಂದ. ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಜಯದೇವಿ ಅಳಲಿಲ್ಲ. ದೀಪಾವಳಿಗೆಂದು ಅವ್ವನಿಗೆ ತಂದಿಟ್ಟಿದ್ದ ನೇರಳೆ ಸೀರೆಯನ್ನು ಬೀರುವಿನಿಂದ ತೆಗೆದು ಕವರಿಗೆ ಹಾಕಿಕೊಂಡಳು. ಗುಂಡಿಗೆ ಇಳಿಸುವ ಮುಂಚೆ ಮಗಳು ತಂದ ಸೀರೆ ಹೊದಿಸುವುದು ಅವರ ಮನೆಯ ಪದ್ಧತಿ.

"ಒಂದ್ಸಲ ಮುಖ ನೋಡಿದ್ರೆ ಸಾಕು ರೀ," ಅಂದಳು. ಅಷ್ಟೇ.

ಕೀ ತಿರುಗಿಸಿದೆ. ಎಂಜಿನ್ ಗರಗರ ತಿರುಗಿತು, ಹತ್ತಿಕೊಳ್ಳಲಿಲ್ಲ. ನಾಲ್ಕು ಸಲ, ಐದು ಸಲ. ಹಿಂದಿನ ಸೀಟಿನಲ್ಲಿ ಕವರು ಇಟ್ಟುಕೊಂಡು ಕೂತಿದ್ದವಳು, ಆಟೋ ಹಿಡಿದು ಗೊರಗುಂಟೆಪಾಳ್ಯಕ್ಕೆ ಹೋದರೆ ಬಸ್ಸು ಸಿಗುತ್ತೆ ಅಂದಳು. ಆಗ ಎಂಟು ಗಂಟೆಯೂ ಆಗಿರಲಿಲ್ಲ.

"ಇನ್ನೈದು ನಿಮಿಷ ಜಯಾ. ತಿರುಗ್ತಿದೆ ಅಂದ್ರೆ ಬ್ಯಾಟರಿ ಚೆನ್ನಾಗಿದೆ ಅಂತ ಅರ್ಥ. ಇನ್ನೇನೋ ಸಣ್ಣದು."

ಬಾನೆಟ್ ಎತ್ತಿದೆ. ಎಲ್ಲ ನೆಟ್ಟಗೆ ಕಾಣುತ್ತಿತ್ತು. ನಾನಿಟ್ಟಿದ್ದ ಕಡ್ಲೆಪುರಿ ಒಂದು ಕಾಳೂ ಇರಲಿಲ್ಲ. ಗಾಳಿಗೆ ಹಾರಿರಬೇಕು ಅಂದುಕೊಂಡು ಮುಂದಕ್ಕೆ ಹೋದೆ. ಪೆಟ್ರೋಲ್ ಪಂಪು ಕೈಕೊಟ್ಟಿರಬಹುದು ಅನ್ನಿಸಿತು. ಕೀ ಹಾಕಿ, ನಿನ್ನ ಸೀಟಿನ ಕೆಳಗೆ ಗುಂಯ್ ಅನ್ನುತ್ತಾ ನೋಡು ಅಂದೆ. ಅವ್ವನನ್ನು ಕಳಕೊಂಡ ಹೆಂಗಸು ಸೀಟಿಗೆ ಕಿವಿ ಕೊಟ್ಟು ಬಗ್ಗಿದಳು. "ಅಂತಿದೆ," ಅಂದಳು. ಹಾಗಾದರೆ ಪಂಪೂ ಸರಿ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿದೆ, ಒರೆಸಿ ಮತ್ತೆ ಹಾಕಿದೆ. ಒಂದೊಂದು ಫ್ಯೂಸಿಗೂ ಇದೇ ಇರಬೇಕು ಅನ್ನಿಸುತ್ತಿತ್ತು. ಕಾರ್ಖಾನೆಯಲ್ಲಿ ನಾನು ಕೈಬಿಟ್ಟ ಯಂತ್ರ ಒಂದೂ ಇರಲಿಲ್ಲ. ಆ ಹೆಮ್ಮೆ ನೋಡಿ, ಅದು ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತ್ತು.

ಒಂಬತ್ತೂವರೆ ಆಯಿತು. ತಿರುಗಿಸಿ ತಿರುಗಿಸಿ, ಚೆನ್ನಾಗಿದ್ದ ಬ್ಯಾಟರಿಯೂ ಸೊರಗಿತು. ಎದುರುಮನೆಯ ವೆಂಕಟಸ್ವಾಮಿ ಹಲ್ಲುಜ್ಜುತ್ತ ಬಂದರು. ಬಸ್ ಓಡಿಸಿ ರಿಟೈರ್ ಆದವರು, ನನಗೂ ಅವರಿಗೂ ಇಪ್ಪತ್ತು ವರ್ಷದ ತಮಾಷೆ.

"ಏನ್ ಗುರುಬಸಪ್ನೋರೆ, ವರ್ಷಕ್ಕೊಂದ್ಸಲ ಮಂಗಳಾರತಿ ಎತ್ತೋ ಬದ್ಲು ವಾರಕ್ಕೊಂದ್ಸಲ ಓಡ್ಸಿದ್ರೆ ಆಗ್ತಿರ್ಲಿಲ್ವಾ?"

ವಿಷಯ ಹೇಳಿದ ಮೇಲೆ ಅವರ ಮುಖ ಇಳಿದುಹೋಯಿತು. ಬಾಯಿ ಮುಕ್ಕಳಿಸಿ ಬಂದವರೇ, ಇಳಿಜಾರಿನಲ್ಲಿ ನೂಕಿದರೆ ಹತ್ತದ ಗಾಡಿಯನ್ನು ತಾನು ನೋಡಿಯೇ ಇಲ್ಲ ಅಂದು ಪಂಚೆ ಎತ್ತಿ ಕಟ್ಟಿದರು. ನಾನು ಸ್ಟೇರಿಂಗ್ ಹಿಡಿದೆ. ಕಾರು ಕದಲಿತು. ಕನ್ನಡಿಯಲ್ಲಿ ನೋಡಿದರೆ ವೆಂಕಟಸ್ವಾಮಿಯ ಪಕ್ಕ ಜಯದೇವಿಯೂ ಸೆರಗು ಸಿಕ್ಕಿಸಿಕೊಂಡು ನೂಕುತ್ತಿದ್ದಳು. ಇಳಿಜಾರು ಮುಗಿಯುವವರೆಗೂ ನೂಕಿದರು. ಹತ್ತಲಿಲ್ಲ.

ಗ್ಯಾರೇಜಿನ ಮುರುಗೇಶ್ ಬಾಗಿಲು ತೆಗೆಯುವುದೇ ಹತ್ತಕ್ಕೆ. ಬರುವ ಹೊತ್ತಿಗೆ ಹತ್ತೂಮುಕ್ಕಾಲು. ಬಸ್ಸಿನ ಮಾತನ್ನು ಜಯದೇವಿ ಮತ್ತೆ ಎತ್ತಿರಲಿಲ್ಲ. ಎತ್ತಿದ್ದರೆ ನಾನು ಮತ್ತೆ ಇನ್ನೈದು ನಿಮಿಷ ಅನ್ನುತ್ತಿದ್ದೆನೋ ಏನೋ. ಮುರುಗೇಶ್ ಏರ್ ಫಿಲ್ಟರಿನ ಡಬ್ಬ ಬಿಚ್ಚಿ ಎತ್ತಿದ.

"ಇಲಿ ಸಾರ್. ಗೂಡೇ ಕಟ್ಟಿದೆ."

ಡಬ್ಬದ ಅಡಿಯಲ್ಲಿ ಹತ್ತಿ, ಕಾಗದದ ಚೂರು, ನಡುವೆ ನನ್ನ ಕಡ್ಲೆಪುರಿ. ಪಕ್ಕದಲ್ಲಿ ನಾಲ್ಕು ವೈರು ಕಡಿದು ತಾಮ್ರ ಕಾಣುತ್ತಿತ್ತು. "ತಿಂಡಿ ಇಟ್ಟು ಕರ್ದಂಗಾಗಿದೆ. ಇದ್ನೆಲ್ಲ ಇಲ್ಲಿ ಇಟ್ಟಿದ್ ಯಾರು ಸಾರ್?" ಅಂತ ಕೇಳಿದ.

ಹಿಂದೆ ನಿಂತಿದ್ದ ಜಯದೇವಿ, "ಪೂಜೆಗೆ ಇಟ್ಟಿದ್ದು," ಅಂದಳು. ಯಾರು ಅಂತ ಹೇಳಲಿಲ್ಲ.

ವೈರು ಹಾಕುವುದು ನಾಳೆಯ ಕೆಲಸ ಅಂದ ಮುರುಗೇಶ್. ಆಗ ಟ್ಯಾಕ್ಸಿ ಹುಡುಕಿದೆವು. ಮೊದಲನೆಯವನು ಬರುತ್ತೇನೆಂದು ಬರಲಿಲ್ಲ. ಎರಡನೆಯದು ಬಂದಾಗ ಹನ್ನೊಂದೂವರೆ ದಾಟಿತ್ತು. ಗಡಿಬಿಡಿಯಲ್ಲಿ ಹತ್ತಿ ಕೂತೆವು. ಪೀಣ್ಯ ದಾಟುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ನೆಲಮಂಗಲದ ಹತ್ತಿರ ಅವಳು ಮಡಿಲು ತಡಕಿಕೊಂಡಳು, ನನ್ನ ಕಡೆ ನೋಡಿದಳು, ಕಿಟಕಿಯತ್ತ ತಿರುಗಿದಳು. ಗಿರಿರಾಜ್ ಎರಡು ಸಲ ಫೋನ್ ಮಾಡಿದ. ಮೂರನೆಯ ಸಲ ಮಾಡಲಿಲ್ಲ.

ತೋಟದ ಬದುವಿಗೆ ಹೋಗುವಾಗ ಮೂರೂವರೆ. ಜನ ಕೈಕಾಲು ತೊಳೆಯುತ್ತಿದ್ದರು. ಹಸಿ ಮಣ್ಣಿನ ದಿಬ್ಬ, ಅದರ ಮೇಲೆ ವಿಭೂತಿ, ಪತ್ರೆ. ಎರಡೂವರೆಯವರೆಗೆ ಕಾದೆವು ಭಾವ, ಕ್ರಿಯೆ ಮಾಡಿಸುವ ಅಯ್ಯನವರು ಇನ್ನೊಂದು ಊರಿಗೆ ಹೋಗಬೇಕಿತ್ತು ಅಂತ ಗಿರಿರಾಜ್ ನನ್ನ ಕೈ ಹಿಡಿದು ಹೇಳಿದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಒಳ್ಳೆಯದಿತ್ತು. ಅವನ ಹೆಂಡತಿ ಮೆಲ್ಲಗೆ ಜಯದೇವಿಯನ್ನು ಕೇಳಿದಳು, "ಅಕ್ಕ, ಸೀರೆ?"

ಜಯದೇವಿ ತನ್ನ ಖಾಲಿ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಆಗಲೇ ಮುಚ್ಚಿದ್ದ ದಿಬ್ಬದ ಮೇಲೆ ಹಾಕಿದಳು.

ರಾತ್ರಿಯೇ ಬೆಂಗಳೂರಿಗೆ ವಾಪಸಾದೆವು. ಮಾರನೆಯ ದಿನ ಮಧ್ಯಾಹ್ನ ಮುರುಗೇಶ್ ವೈರು ಕೂಡಿಸಿ, ಚಾರ್ಜಾದ ಬ್ಯಾಟರಿ ಹಾಕಿ, ನೋಡಿ ಸಾರ್ ಅಂದ. ಕೀ ತಿರುಗಿಸಿದೆ. ಒಂದೇ ತಿರುವಿಗೆ ಹತ್ತಿಕೊಂಡಿತು, ಹೊಸದರ ಹಾಗೆ. ಓಡಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಕವರು ಇಟ್ಟಲ್ಲೇ ಇತ್ತು. ಅದನ್ನು ತೆಗೆದುಕೊಂಡು ಒಳಗೆ ಹೋದೆ. ಜಯದೇವಿ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಹೊರಗೆ ಎಂಜಿನ್ ಒಂದೇ ಸಮನೆ ಓಡುತ್ತಿರುವುದು ಇಬ್ಬರಿಗೂ ಕೇಳುತ್ತಿತ್ತು.

"ಸ್ಟಾರ್ಟ್ ಆಯ್ತಾ?"

"ಆಯ್ತು."

"ಹೂಂ," ಅಂದಳು, ತಿರುಗದೆಯೇ. "ಆಫ್ ಮಾಡಿ ಬನ್ನಿ."